ದೀಪ ಮೊದಲು

ಮೂರೂವರೆಗೇ ಕತ್ತಲಾಗುವ ಡಂಡಿಯ ಡಿಸೆಂಬರ್.
ಕಿಟಕಿಯಾಚೆ ಟೇ ನದಿ ಕಾಣದು,
ಸೇತುವೆಯ ದೀಪಗಳಿಂದ ಇದೆ ಎಂದು ಗೊತ್ತು.
ಮೇಜಿನ ಮೇಲೆ ಬಿಚ್ಚಿಟ್ಟ ಬೋರ್ಡು:
ಉದ್ದಿನಕಾಳಷ್ಟು ಕಣ್ಣು, ಪಕ್ಕದಲ್ಲಿ ಸಾಸಿವೆಯಷ್ಟು ದೀಪ.
ಎರಡಕ್ಕೂ ಒಂದೇ ತಂತಿ ಎಳೆದಿದ್ದರೆ
ನನಗೆ ಈ ಸಂಜೆ ಕೆಲಸವೇ ಇರುತ್ತಿರಲಿಲ್ಲ.

ಎಳೆದಿಲ್ಲ.
ಬ್ಯಾಟರಿ ಮುಗಿದಾಗ ಮಿನುಗಲಿಕ್ಕೂ ಬರುತ್ತದಲ್ಲ ಅಂದರಂತೆ.
ಹಾಗಾಗಿ ಕಣ್ಣಿಗೊಂದು ಪಿನ್ನು, ದೀಪಕ್ಕೊಂದು ಪಿನ್ನು,
ಪಾಲಾದ ಅಣ್ಣತಮ್ಮಂದಿರು,
ಒಬ್ಬ ಎದ್ದದ್ದು ಇನ್ನೊಬ್ಬನಿಗೆ ತಿಳಿಯದು.
ನಡುವೆ ಸುದ್ದಿ ಮುಟ್ಟಿಸುವ ಆಳು
ನಾನು ಬರೆಯುತ್ತಿರುವ ಡ್ರೈವರು.

ದೀಪವನ್ನು ಆ್ಯಪುಗಳಿಗೆ ಬಿಟ್ಟುಬಿಡು, ಅನ್ನುತ್ತಾನೆ ಕ್ಯಾಲಮ್,
ಬೇಕಾದವರು ಹಚ್ಚಿಕೊಳ್ಳಲಿ.
ಕನ್ನಡಕದಲ್ಲಿ ಕೆಂಪು ಚುಕ್ಕೆ ಕಾಣುತ್ತದೆಂದು
ಗಿರಾಕಿಗಳು ಗೊಣಗುತ್ತಿದ್ದಾರೆ.
ಕಳ್ಳನ ಕೈಗೇ ಬೀಗದಕೈ ಕೊಡ್ತೀಯೇನೋ, ಅಂದೆ.
ಕನ್ನಡದಲ್ಲೇ ಬಂದುಬಿಟ್ಟಿತು.
ಬೈಗುಳವೆಂದುಕೊಂಡು ಸುಮ್ಮನಾದ.
ಒಂದು ಲೆಕ್ಕಕ್ಕೆ ಹೌದು.

ಕೆಳಮನೆಯ ಐಲ್ಸಾಗೆ ಹುಟ್ಟಿನಿಂದ ಕಿವಿ ಕೇಳದು.
ಅಬರ್ಡೀನಿನ ತಂಗಿಯೊಡನೆ ದಿನಾ ರಾತ್ರಿ
ಲ್ಯಾಪ್‌ಟಾಪಿನ ಮುಂದೆ ಕೈಯಲ್ಲೇ ಜಗಳ, ಕೈಯಲ್ಲೇ ರಾಜಿ.
ಕ್ಯಾಮೆರಾ ಮುಚ್ಚಿದರೆ ಅವಳ ಬಾಯಿ ಮುಚ್ಚಿದ ಹಾಗೆ.
ಆದರೂ ಮಾತು ಮುಗಿದದ್ದೇ
ಅದರ ಮೇಲೊಂದು ಪ್ಲಾಸ್ಟರು, ಗಾಯಕ್ಕೆ ಹಚ್ಚುವಂಥದು,
ಚರ್ಮದ ಬಣ್ಣದ್ದು (ಅವಳ ಚರ್ಮ, ನನ್ನದಲ್ಲ).
ಕಿತ್ತು ಅಂಟಿಸಿ, ಕಿತ್ತು ಅಂಟಿಸಿ
ಅಂಟಿನ ತುಂಬ ಉಣ್ಣೆಯ ಎಳೆ, ಬೆಕ್ಕಿನ ಕೂದಲು.

ಚೀಟಿಯಲ್ಲಿ ಬರೆದೆ: ದೀಪ ಇದೆಯಲ್ಲ?
ಅದರ ಕೆಳಗೇ ಬರೆದಳು:
ದೀಪಕ್ಕೆ ಹೇಳುವವರು ಯಾರು?

ಮೆಟ್ಟಿಲು ಹತ್ತಿ ಬಂದು ಎಲ್ಲ ಅಳಿಸಿ ಮತ್ತೆ ಶುರು.
ದೀಪ ಮೊದಲು.
ಹೊತ್ತಿತೇ ಎಂದು ಕೇಳು.
ಉತ್ತರ ಬಾರದಿದ್ದರೆ ಅಲ್ಲಿಂದಲೇ ವಾಪಸು,
ಕಣ್ಣಿಗೆ ಕರೆಂಟು ಕೊಡಬೇಡ.
ಹೊತ್ತಿದ್ದರೆ ಕೊಡು, ಕೊಟ್ಟು
ಇಪ್ಪತ್ತು ಮಿಲಿಸೆಕೆಂಡು ಸುಮ್ಮನಿರು,
ನಿದ್ದೆಗಣ್ಣು ಉಜ್ಜಿಕೊಳ್ಳಲಿ.
ಮುಚ್ಚುವಾಗ ತಿರುವುಮುರುವು: ಕಣ್ಣು ಮೊದಲು, ದೀಪ ಕೊನೆಗೆ.
ಒಂದೇ ಒಂದು ಚಿತ್ರ ಕದ್ದು ಓಡಿದರೂ
ಮೂರು ಸೆಕೆಂಡು ಉರಿಯಲೇಬೇಕು.
ಮನುಷ್ಯರು ರೆಪ್ಪೆ ಬಡಿಯುತ್ತಾರೆ,
ಚಹಾದ ಕಡೆ ತಿರುಗುತ್ತಾರೆ.

ಆಫ್ ಎಂದು ಬರೆಯುವಲ್ಲಿ ಬೆರಳು ತಡೆಯಿತು.
ದೀಪ ಆರಿಸು ಎಂದರೆ ಗದರುತ್ತಿದ್ದಳು ಸೋದರತ್ತೆ,
ದೊಡ್ಡದು ಮಾಡು ಅನ್ನಬೇಕು.
ಕರ್ನೆಲ್ಲಿಗೆ ಆ ಮರ್ಯಾದೆ ಇಲ್ಲ.
ಆಫ್ ಅಂತಲೇ ಬರೆದೆ.

ನಾಲ್ಕು ಸಲ ಕುಸಿಯಿತು.
ಐದನೆಯ ಸಲ ಯಂತ್ರವೆಲ್ಲ ಮಲಗಿದ ಮೇಲೂ
ದೀಪವೊಂದೇ ಎದ್ದು ಕೂತಿತ್ತು ಬೆಳಗಿನವರೆಗೆ,
ಜ್ವರದ ಮಗುವಿನ ಪಕ್ಕ ಕೂತವರ ಹಾಗೆ.
ತಪ್ಪು ನನ್ನದೇ, ಒಂದು ಸಾಲು.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಬಲ್ಲೆವು.
ಇದು ಕಣ್ಣು ತೆರೆದು ಕುಡಿಯುವ ಜಾತಿ.
ಅದರ ಕೊರಳಿಗೆ ಗಂಟೆ ಕಟ್ಟುತ್ತಿದ್ದೇನೆ,
ಕಿವಿ ಕೇಳದವರಿಗೂ ಕಾಣುವ ಗಂಟೆ.

ಆದರೆ ನನ್ನ ಡ್ರೈವರನ್ನೇ ಕಿತ್ತು
ಯಾರೋ ತಮ್ಮದನ್ನು ಹಾಕಿದರೆ?
ತಂತಿಗೆ ಸುಳ್ಳು ಹೇಳಲು ಬರುವುದಿಲ್ಲ.
ನನಗೆ ಬರುತ್ತದೆ.
ಕ್ಯಾಲಮ್‌ಗೆ ಎರಡೇ ಸಾಲು ಕಳಿಸಿದೆ:
ಮುಂದಿನ ಬೋರ್ಡಿನಲ್ಲಿ ಒಂದೇ ತಂತಿ.
ಬ್ಯಾಟರಿಗೆ ಬೇರೆ ದೀಪ ಹುಡುಕಿಕೊಳ್ಳಿ.

ಭಾನುವಾರ ಐಲ್ಸಾ ಪರೀಕ್ಷೆ ಮಾಡಿದಳು.
ತಂಗಿ ಬಂದಳು, ಏನೋ ಅಂದಳು,
ಇಬ್ಬರ ಭುಜವೂ ಕುಲುಕಿದವು, ಬಹುಶಃ ನನ್ನ ವಿಷಯವೇ.
ಮುಗಿಯಿತು. ಕಣ್ಣು ಹೋಯಿತು, ಆಮೇಲೆ ದೀಪ.
ಕಪ್ಪಾದ ಆ ಸಾಸಿವೆಯನ್ನು ಐಲ್ಸಾ ಇನ್ನೂ ಸ್ವಲ್ಪ ಹೊತ್ತು ನೋಡಿದಳು.
ಹೆಬ್ಬೆರಳೆತ್ತಿದಳು ನನ್ನ ಕಡೆ.
ಎತ್ತಿ, ಡ್ರಾಯರಿನಿಂದ ಹೊಸ ಪ್ಲಾಸ್ಟರು ತೆಗೆದು
ನೀಟಾಗಿ ಅಂಟಿಸಿದಳು.

ಬೇಜಾರೇ, ಎಂಬಂತೆ ಹುಬ್ಬೇರಿಸಿದಳು.
ಇಲ್ಲವೆಂದು ತಲೆಯಾಡಿಸಿ
ನಾನೂ ಒಂದು ಕೇಳಿ ಇಸಕೊಂಡೆ.