ಎಕ್ಸ್ ಮನೆ

ಪೋಲಿಯೋ ಸುತ್ತಿನಲ್ಲಿ ಈ ಬಾಗಿಲಿಗೆ
ಸೀಮೆಸುಣ್ಣದಲ್ಲಿ ಎಕ್ಸ್ ಬರೆದವಳು ನಾನೇ.
ಲಗ್ಗೆರೆ, ನೀರಿನ ಟ್ಯಾಂಕಿನ ಹಿಂದಿನ ವಠಾರ,
ಮೇಲಿನ ಶೀಟಿನ ಮನೆ.
ಒಳಗೆ ಟೀವಿ ಓಡುತ್ತಿತ್ತು,
ನನ್ನ ದನಿ ಕೇಳಿ ಮೂಕಾಯಿತು.

ರಿಜಿಸ್ಟರಿನಲ್ಲಿ ಕಾರಣದ ಕಾಲಮ್ಮು ಬೆರಳಗಲ.
ಹಿಡಿಸುವುದು ಒಂದೇ ಮಾತು: ‘ತಿಳಿವಳಿಕೆ ಇಲ್ಲ.’
ಹಾಗೇ ಬರೆದೆ.

ನಾಕನೇ ಸಲ, ಭಾನುವಾರ,
ನೀಲಿ ಡಬ್ಬಿ ಒಯ್ಯಲಿಲ್ಲ, ಚಿತ್ರದ ಹಾಳೆ ಒಯ್ಯಲಿಲ್ಲ.
ಬಿಸಿಲು ಜೋರು, ನೀರು ಕೊಡಮ್ಮಾ ಎಂದೆ.
ಹುಲಿಗೆವ್ವ ಚೊಂಬು ಕೊಟ್ಟು ಹೊಸ್ತಿಲಲ್ಲೇ ಕೂತಳು.
ಬೆರಳ ತುದಿಗೆಲ್ಲ ಸೂಜಿ ಚುಚ್ಚಿದ ಗುರುತು.
ಗಂಟೆಗೆ ಎಂಬತ್ತು ಕಾಲರ್ ಹೊಲಿಯುವ ಕೈ;
ಸೂಜಿಗೆ ಹೆದರುವ ಹೆಂಗಸಲ್ಲ ಇವಳು.

“ಹೋದ ಸಲ ಗುರುವಾರ ಹಾಕ್ಸಿದ್ನಿ ಯಕ್ಕಾ.
ಶುಕ್ರವಾರ ಜ್ವರ. ಮೈ ಬಿಸಿ ಇದ್ದ ಕೂಸನ್ನ
ಫ್ಯಾಕ್ಟ್ರಿ ಕ್ರೆಶ್ನಾಗ ತಗೊಳ್ಳಂಗಿಲ್ಲ.
ದಿನದ ಪಗಾರ ಹೋತು, ಹಾಜರಿ ಬೋನಸ್ಸೂ ಹೋತು,
ಸೂಪರ್‌ವೈಸರನ ಬಾಯಾಗ ನಮ್ಮವ್ವ ನಮ್ಮಪ್ಪ ಎಲ್ಲಾರೂ ಬಂದು ಹೋದ್ರು.
ಜ್ವರ ಬಂದ್ರ ಚೊಲೊ ಅಂತೀರಿ ನೀವು.
ಯಾರಿಗಿ ಚೊಲೊ?”

ಗಂಡನ ಫೋನಿನ ವಿಡಿಯೋ ಮಾತು ಬಂದದ್ದು ಆಮೇಲೆ,
ನೆಂಟರ ಎದುರು ಹಾಸುವ ಚಾಪೆಯ ಹಾಗೆ.
ಹೆದರಿಕೆ ಅಂದರೆ ಬೈಯುತ್ತಾರೆ, ಅಷ್ಟೇ.
ಬಡತನ ಅಂದರೆ ಕನಿಕರಪಡುತ್ತಾರೆ.

ತರಬೇತಿಯಲ್ಲಿ ಅಂಜಿಕೆಗೆ ಹನ್ನೊಂದು ಉತ್ತರ
ಬಾಯಿಪಾಠ ಮಾಡಿಸಿದ್ದರು. ಪಗಾರಕ್ಕೆ ಒಂದೂ ಇಲ್ಲ.
ನನಗೂ ಬರಬೇಕಿದ್ದ ಮೂರು ತಿಂಗಳ ಪ್ರೋತ್ಸಾಹಧನ ನೆನಪಾಯಿತು.
ಚೊಂಬು ತೊಳೆದು ಕೊಡಲು ಎದ್ದೆ; ಬಿಡಲಿಲ್ಲ.

ಸಿಸ್ಟರ್ ಫ್ಲೋರಿನಾ ಗೊಣಗಿದರು:
ಲಸಿಕೆ ಅಂದರೆ ಗುರುವಾರ, ನಾನು ಕೆಲಸಕ್ಕೆ ಸೇರಿದಾಗಿಂದ ಗುರುವಾರ.
ಗೊಣಗುತ್ತಲೇ ಶನಿವಾರ ಸಂಜೆ, ಪಾಳಿ ಬಿಟ್ಟ ಮೇಲೆ,
ಅಂಗನವಾಡಿಯ ಬೀಗ ತೆಗೆಸಿದರು.
ಏಳು ಮಕ್ಕಳು ಬಂದವು.
ನಾನು ಕಾದದ್ದು ಎಂಟನೆಯದಕ್ಕೆ.

ಭರಮ ಅತ್ತ, ಎಲ್ಲ ಮಕ್ಕಳೂ ಅಳುವಷ್ಟೇ.
ಭಾನುವಾರ ಮೈ ಕಾದಿತ್ತು. ಹನಿ ಔಷಧಿ, ಒದ್ದೆ ಬಟ್ಟೆ,
ರಾತ್ರಿ ಎರಡು ಸಲ ನನ್ನ ಫೋನು.
ಸೋಮವಾರ ಎಂಟಕ್ಕೆ ಹುಲಿಗೆವ್ವ ಟೆಂಪೋ ಹತ್ತಿದಳು,
ಕಂಕುಳಲ್ಲಿ ಭರಮ, ಬನ್ನು ಕಚ್ಚುತ್ತ.

ಒದ್ದೆ ಸೆರಗಿನಿಂದ ಬಾಗಿಲಿನ ಎಕ್ಸ್ ಒರೆಸಿದೆ.
ಪೂರ್ತಿ ಹೋಗಲಿಲ್ಲ.
ರಿಜಿಸ್ಟರಿನಲ್ಲೂ ಹೋಗಲಿಲ್ಲ ನನ್ನ ಕೈಬರಹ: ‘ತಿಳಿವಳಿಕೆ ಇಲ್ಲ.’
ಯಾರಿಗೆ ಎಂದು ಕಾಲಮ್ಮು ಕೇಳಿರಲಿಲ್ಲ.

ಪಕ್ಕದ ಹಸಿರು ಬಾಗಿಲಲ್ಲಿ ಇನ್ನೊಂದಿದೆ.
ಬರುವ ಭಾನುವಾರ
ಅಲ್ಲಿ ನೀರು ಕೇಳಬೇಕು.