ನೂರ ಎಂಬತ್ತು, ಒಂದು ಸಲ

ಟೊಮೆಟೊ ಮಂಡಿಯಲ್ಲಿ ಇಪ್ಪತ್ತಾರು ವರ್ಷ
ದರ ಏರಿಸುವುದೇ ನನ್ನ ಕಸುಬು.
ರೈತರಿಗೆ ಕನ್ನಡದಲ್ಲಿ, ಮದನಪಲ್ಲಿಯವರಿಗೆ ತೆಲುಗಿನಲ್ಲಿ,
ದೆಹಲಿಯ ಸೇಟುಗಳಿಗೆ ನನ್ನದೇ ಒಂದು ಹಿಂದಿಯಲ್ಲಿ
ಒಂದೇ ಉಸಿರಿಗೆ ಕೂಗುತ್ತಿದ್ದೆ.
ಕೋಲಾರದಲ್ಲಿ ‘ಕೂಗು ತಿಮ್ಮರಾಯಪ್ಪ’ ಅಂದರೆ ಸಾಕು,
ಬಸ್ಸಿನ ಕಂಡಕ್ಟರು ಮಂಡಿ ಗೇಟಿಗೇ ಇಳಿಸುತ್ತಿದ್ದ.

ಅವತ್ತು ದೊಡ್ಡಾಸ್ಪತ್ರೆಯ ನರ್ಸು ತೋಳಿಗೆ ಪಟ್ಟಿ ಸುತ್ತಿ
ಬುಸ್ ಬುಸ್ಸೆಂದು ಗಾಳಿ ಒತ್ತಿ
‘ನೂರ ಎಂಬತ್ತು’ ಅಂದಳು.
ನನ್ನ ಬಾಯಿ ಸುಮ್ಮನಿರಬೇಕಲ್ಲ,
‘ನೂರ ಎಂಬತ್ತು ಒಂದ್ಸಲ,
ನೂರ ಎಂಬತ್ತು ಎರಡ್ಸಲ...’
ಅವಳು ನಗಲಿಲ್ಲ.
‘ಮೂರನೇ ಸಲ ಕೂಗೋರು ಬೇರೆ ಇದಾರೆ, ಯಜಮಾನ್ರೆ’
ಅಂತ ಕೆಳಗಿನ ಅಂಕಿ ಬರೆದುಕೊಂಡಳು.
ನೂರ ಹತ್ತು.

ಮಾತ್ರೆ ಕೊಟ್ಟರು. ಬಿಳಿ, ಜೋಳದ ಕಾಳಿನಲ್ಲಿ ಅರ್ಧ.
ಇಷ್ಟು ಪುಟ್ಟದು ನನ್ನಂಥವನಿಗೆ ಎಲ್ಲಿ ಸಾಲುತ್ತೆ?
ಹಮಾಲಿ ಪಿಳ್ಳಪ್ಪ ಟೇಕಲ್ಲಿನ ಪಂಡಿತರ ಹತ್ತಿರ ಕರೆದುಕೊಂಡು ಹೋದ.
ತೊರೆಮತ್ತಿ ಚಕ್ಕೆಯ ಕಷಾಯ, ಬೆಳಿಗ್ಗೆ ಒಂದೆಲಗದ ರಸ.
ಕುಡಿದೆ. ಮಾತ್ರೆ ಜೇಬಿನಲ್ಲೇ ಉಳಿಯಿತು,
ಬೀಡಿಯ ಪುಡಿ ಮೆತ್ತಿಕೊಂಡು.

ಹದಿನೇಳನೇ ದಿನ, ಕ್ರೇಟು ಒಂಬೈನೂರು ಮುಟ್ಟಿದ ದಿನ,
ತಗಡಿನ ಮಾಡು ತಿರುಗಿತು.
ಯಾವುದು ಹಣ್ಣು, ಯಾವುದು ನನ್ನ ಮೂಗಿನ ರಕ್ತ
ಪಿಳ್ಳಪ್ಪನಿಗೂ ತಿಳಿಯಲಿಲ್ಲವಂತೆ.

ಪಂಡಿತರೇ ಬೈದರು:
‘ಮಾತ್ರೆ ಬಿಡು ಅಂತ ನಾನು ಯಾವ ಬಾಯಲ್ಲಿ ಹೇಳಿದೆ?
ಕಷಾಯ ಏನು ಮಾತ್ರೆಗೆ ದಾಯಾದಿಯೇ,
ಅದರ ಪಾಲು ಕಿತ್ತು ಇದಕ್ಕೆ ಕೊಡೋಕೆ?
ನಾನು ಕೊಟ್ಟಿದ್ದನ್ನ ಆ ಡಾಕ್ಟರಿಗೆ ತೋರಿಸು,
ಅವರು ಬರೆದಿದ್ದನ್ನ ನನಗೆ ತೋರಿಸು.
ನಿನ್ನ ಮಂಡಿಯಲ್ಲಿ ಎರಡು ಲೆಕ್ಕದ ಪುಸ್ತಕ ಇರಬಹುದು,
ಮೈಗೆ ಒಂದೇ.’

ಮನೆಯಲ್ಲಿ ಅಕ್ಕಯಮ್ಮ ಉಪ್ಪಿನ ಜಾಡಿ ಅಟ್ಟಕ್ಕೇರಿಸಿದಳು.
ಉಪ್ಪಿಲ್ಲದ ಉಪ್ಪೆಸರು!
ಹೆಸರಿಗಾದರೂ ಮರ್ಯಾದೆ ಬೇಡವೇನೇ ಅಂದೆ.
‘ಹೆಸರಲ್ಲಿದೆಯಲ್ಲ, ಅಲ್ಲೇ ನೆಕ್ಕಿಕೊ.’
ಮುದ್ದೆ ಮುರಿದೆ, ಅದ್ದಿದೆ, ನುಂಗಿದೆ.
ತಿಂಗಳಾಗುವಷ್ಟರಲ್ಲಿ
ಹುರುಳಿಗೆ ಅದರದ್ದೇ ಒಂದು ರುಚಿ ಇದೆ ಅಂತ ಗೊತ್ತಾಯಿತು.
ಅವಳಿಗೆ ಇನ್ನೂ ಹೇಳಿಲ್ಲ.

ಸಂಜೆ, ಲಾರಿಗಳು ಹೋದ ಮೇಲೆ, ನೀರು ಹೊಡೆದ ಹರಾಜು ಕಟ್ಟೆಗೆ
ಕೆ.ಜಿ.ಎಫ್‌ನಿಂದ ಲೂರ್ದಮ್ಮ ಬರುತ್ತಾಳೆ.
ಗಣಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು,
ದೂಳು ತುಂಬಿದ ಎದೆಗಳನ್ನು ತುಂಬ ಕಂಡವಳು.
ಹಮಾಲರಿಗೆ, ಗುಮಾಸ್ತರಿಗೆ, ನನಗೆ
ಉಸಿರಾಡುವುದನ್ನು ಕಲಿಸುತ್ತಾಳೆ.
‘ತಲೆಕೆಳಗು ನಿಲ್ಲೋದು ನಿಮಗೆ ಬೇಡ.
ತಲೆ ಮೇಲೇ ಇರಲಿ.
ಕಿವಿ ಮುಚ್ಚಿ, ಬಾಯಿ ಮುಚ್ಚಿ, ದುಂಬಿ ಥರ “ಮ್” ಅನ್ನಿ.’
ಬಾಯಿ ಮುಚ್ಚಿ! ನಾನು!
ಪಿಳ್ಳಪ್ಪ ಕಿಸಕ್ಕೆಂದ.

ಮೊದಮೊದಲು ನನ್ನ ದುಂಬಿ
ಬಂಗಾರಪೇಟೆಯ ಗೂಡ್ಸ್ ಗಾಡಿ.
ಒಂದು ಸಂಜೆ ಅದು ಗಂಟಲಿನಿಂದ ಜಾರಿ
ಪಕ್ಕೆಲುಬಿನ ಹಿಂದೆ ಎಲ್ಲೋ ಗೂಡು ಹುಡುಕಿಕೊಂಡಿತು.
‘ಮ್’ ಕನ್ನಡವಲ್ಲ, ತೆಲುಗಲ್ಲ, ಹಿಂದಿಯಲ್ಲ.
ಅದನ್ನು ಕೊಳ್ಳುವವರೂ ಇಲ್ಲ.

ಆಮೇಲೆ ಶವಾಸನ.
ಬೆಳಿಗ್ಗೆ ಕ್ರೇಟು ಇಟ್ಟ ಜಾಗದಲ್ಲಿ ಸಾಲಾಗಿ ನಾವು,
ನಾಟಿ, ಹೈಬ್ರಿಡ್ಡು, ಒಂದಿಷ್ಟು ಪೆಟ್ಟಾದ ಮಾಲು.
ಬೆನ್ನಿಗೆ ತಣ್ಣನೆ ಸಿಮೆಂಟು, ಮೂಗಿಗೆ ಹುಳಿ ವಾಸನೆ.
ಅಂತರಗಂಗೆ ಬೆಟ್ಟದ ಬಂಡೆಗಳ ಮೇಲೆ
ಕಡೆಯ ಬಿಸಿಲು ಇತ್ತೋ ಇಲ್ಲವೋ, ಕಣ್ಣು ಬಿಡಲಿಲ್ಲ.
ಅಷ್ಟು ಹೊತ್ತು ಮಲಗಿದ್ದರೂ
ಯಾರೂ ನಮ್ಮ ದರ ಕೇಳಲಿಲ್ಲ.

ಹೋದ ತಿಂಗಳು ಅದೇ ನರ್ಸು, ಅದೇ ಪಟ್ಟಿ.
ಪಾದರಸ ಇಳಿಯುತ್ತಿತ್ತು.
ದರ ಬೀಳಲಿ ಬೀಳಲಿ ಅಂತ ನಾನು ಕಾದದ್ದು
ಹುಟ್ಟಿದ ಮೇಲೆ ಅದೇ ಮೊದಲು.
ನೂರ ಮೂವತ್ತೆಂಟು.
‘ಇನ್ನೂ ಸ್ವಲ್ಪ ಬಿಡಬೇಕು’ ಅಂದಳು,
ಜಿಪುಣ ಸೇಟು ಚೌಕಾಸಿಗಿಳಿದ ಹಾಗೆ.
‘ಮಾತ್ರೆ?’
ಜೇಬು ಮಗುಚಿ ತೋರಿಸಿದೆ,
ನೋಡವ್ವಾ, ಒಂದೂ ಉಳಿಸಿಲ್ಲ.

ಬೀಡಿಯ ಪುಡಿ ಉದುರಿತು.
ಅದಕ್ಕೆ ಬೇರೆ ಬೈಸಿಕೊಂಡೆ.