ಕುಕ್ಕರಿನ ರಬ್ಬರು

ಈ ಊರಿನ ಹೆಸರಿಗೆ ದೋಣಿ ಎಂದು ಅರ್ಥ.
ಹೊಳೆ ಎಲ್ಲಿ ಎಂದರೆ ಕಾಲಡಿ ತೋರಿಸುತ್ತಾರೆ,
ಗಿರಣಿಗಳ ಕಾಲದಲ್ಲಿ ಕೊಳವೆಗಿಳಿಸಿ ಮುಚ್ಚಿದರಂತೆ.
ಬರೆಯುವುದೊಂದು; ಕರೆಯುವಾಗ ವೂಚ್ ಎನ್ನಬೇಕು.
ವಾರಿಜ ಬಟ್ಟೆಬಣ್ಣದ ಪ್ರಯೋಗಶಾಲೆಗೆ
ಏಳಕ್ಕೆಲ್ಲ ಹೊರಟುಬಿಡುತ್ತಾಳೆ.
ನಾನು ಅವಳ ವೀಸಾದ ಬಾಲಂಗೋಚಿ,
ಹಗಲೆಲ್ಲ ನನ್ನದೇ ಕಾರುಬಾರು.

ಫ್ರಿಜ್ಜಿನ ಮೇಲೆ ಅವಳ ಚೀಟಿ:
ಇಬ್ಬನಿಗೆ ಶಾಲೆಯೊಳಗೆ ಹಾಕುವ ಬೂಟು, ಅಟ್ಟೆ ಬಿಳಿಯದೇ ಇರಲಿ.
ಕೆಳಬಾಗಿಲಿಗೆ ಇನ್ನೊಂದು ಕೀಲಿ.
ಅಂಚೆಯಲ್ಲಿ ಕುಕ್ಕರಿನ ರಬ್ಬರು.
ಹಾಲು. ಈ ಸಲ ಹಾಲೇ.

ಕಳೆದ ಸಲ ಪೊಟ್ಟಣದ ಮೇಲೆ ಹಸುವಿನ ಚಿತ್ರವಿತ್ತು.
ಕಾಫಿಗೆ ಸುರಿದ ಮೇಲೆ ತಿಳಿಯಿತು ಮಜ್ಜಿಗೆ ಎಂದು.
ಉಳಿದದ್ದಕ್ಕೆ ಸಾಸಿವೆ ಒಣಮೆಣಸು ಒಗ್ಗರಣೆ ಬಿದ್ದು
ಮೂವರೂ ನಿಂತಲ್ಲೇ ಕುಡಿದು ಮುಗಿಸಿದೆವು.
ಆದರೂ ತಪ್ಪು ತಪ್ಪೇ, ಚೀಟಿಗೆ ಬಂದಿದೆ.

ಕೀಲಿಯ ಪಾನ್ ಲೆಶೆಕ್ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂರುತ್ತಾನೆ.
ಹಳೆಯದನ್ನು ಕೊಟ್ಟು ಒಂದು ಬೆರಳು ತೋರಿಸಿದೆ.
ಅರೆದ, ಊದಿದ, ಬೆಳಕಿಗೆ ಹಿಡಿದ, ಮತ್ತೆ ಅರೆದ.
ಅಂಗೈ ಉಜ್ಜಿಕೊಳ್ಳುತ್ತ ನಿಂತವನನ್ನು ನೋಡಿ
ಕೂಲಿಯಿಲ್ಲದೆ ಒಂದು ವಾಕ್ಯ ಕಲಿಸಿದ:
ಝಿಮ್ನೊ ಮಿ.
ಚಳಿ, ನನಗೆ.
ಇಂಗ್ಲಿಷಿನ ಹಾಗೆ ನಾನೇ ಚಳಿಯಾಗಿಬಿಡುವುದಲ್ಲ.
ಚಳಿ ಅದರ ಪಾಡಿಗೆ, ನಾನು ನನ್ನ ಪಾಡಿಗೆ,
ನಡುವೆ ಒಂದು ‘ಗೆ’.
ಬೆತ್ತದ ಭಯಕ್ಕೆ ಬಾಯಿಪಾಠ ಮಾಡಿದ ಚತುರ್ಥಿ
ಇಷ್ಟು ದೂರ ಬಂದು
ಕಬ್ಬಿಣದ ಪುಡಿಯ ನಡುವೆ ಕೂತಿದೆ!
ಇವರಿಗೂ ಏಳಂತೆ ವಿಭಕ್ತಿ.

ಬೂಟಿನಂಗಡಿಯಲ್ಲಿ ಮಗಳೇ ಮೇಷ್ಟ್ರು.
ಬೂಟು ಇದ್ದರೆ ಬುತಿ, ಅಪ್ಪ. ಇಲ್ಲದಿದ್ದರೆ ಬುತುಫ್.
ಇಲ್ಲದ್ದಕ್ಕೇ ಬಾಲ ಯಾಕೆ ಬೆಳೆಯುತ್ತೆ ಎಂದೆ.
ಅದು ಹಾಗೇ, ಎಂದಳು,
ಎರಡನೆಯ ತರಗತಿಯ ಪೂರ್ತಿ ಗಾಂಭೀರ್ಯದಲ್ಲಿ.
ಅವಳ ಅಳತೆಯ ಬಿಳಿ ಅಟ್ಟೆ ಬುತುಫ್.
ಒಂದು ಅಳತೆ ದೊಡ್ಡದು ತಂದೆವು,
ಕಾಲೂ ಸುಮ್ಮನೆ ಕೂರುವುದಿಲ್ಲವಲ್ಲ.

ಅಂಚೆಯಲ್ಲಿ ಯಂತ್ರ ಒತ್ತಿದರೆ ನಂಬರು ಬರುತ್ತದೆ. ನಲವತ್ತೇಳು.
ಗೋಡೆಯ ಮೇಲೆ ಹತ್ತೊಂಬತ್ತು.
ಪಕ್ಕದ ಅಜ್ಜಿ ತನ್ನ ಚೀಲ ಮಡಿಲಿಗೆಳೆದು ಜಾಗ ಬಿಟ್ಟರು.
ಇಪ್ಪತ್ತಾರರಲ್ಲಿ ಯಾರೋ ಜಗಳವಾಡಿದರು,
ಮೂವತ್ತೊಂದು ಬರಲೇ ಇಲ್ಲ,
ಮಗಳು ಮನೆಪಾಠ ಮುಗಿಸಿದಳು.

ಕೊವೆಂಟ್ರಿಯಿಂದ ಬಂದ ಪೊಟ್ಟಣ, ಸುಂಕದ ಪ್ರಶ್ನೆ: ಒಳಗೇನಿದೆ?
ತಿರುಗಿ ನೋಡಿದರೆ ಮೇಷ್ಟ್ರು
ಅಂಚೆಚೀಟಿಗಳ ಗಾಜಿಗೆ ಮೂಗೊತ್ತಿ ನಿಂತಿದ್ದಾಳೆ,
ನನ್ನನ್ನು ಎಲ್ಲೂ ನೋಡಿಲ್ಲದವಳಂತೆ.
ಎರಡೂ ಕೈಯಲ್ಲಿ ಗಾಳಿಗೆ ಒಂದು ಬಳೆ ತೊಡಿಸಿದೆ.
ಮುಚ್ಚಳ ತಿರುಗಿಸಿದೆ. ಸಾಲದಾಯಿತು.
ಕೊನೆಗೆ, ಮಾನ ಹೋದರೆ ಹೋಗಲಿ,
ಪೋಲೆಂಡ್ ದೇಶದ ಅಂಚೆ ಕಚೇರಿಯಲ್ಲಿ
ಮೂರು ಸಲ ಕೂಗಿದೆ
ಸೀಟಿ.

ಶಿಬ್ಕೊವಾರ್! ಎಂದರು ಹಿಂದಿನಿಂದ ಅಜ್ಜಿ.
ಬೇಗ ಬೇಯಿಸುವುದು. ಸಾಲಿಗೆ ಸಾಲೇ ಹೂಂಗುಟ್ಟಿತು:
ಶಿಬ್ಕೊವಾರ್, ಶಿಬ್ಕೊವಾರ್.
ನಲವತ್ತೆಂಟರವನು ತನ್ನಮ್ಮನ ಅಡುಗೆಮನೆಯ ಚಾವಣಿಗೆ
ಬಟಾಣಿ ಅಂಟಿದ ಕತೆ ಹೇಳಿದ, ಕೈಯಲ್ಲೇ.
ಗಾಜಿನ ಆಚೆಯ ಪಾನಿ ಗ್ರಾಝಿನಾ ನಗುತ್ತಲೇ ಮೊಹರು ಒತ್ತಿ,
ಗುರುತಿನ ಕಾರ್ಡಿನ ಮೇಲೆ ಬೆರಳಾಡಿಸಿ ಕರೆದರು:
ಪಾನ್ಯೆ ಸಿದ್ದರಾಜು!

ಕಾರ್ಡಿನಲ್ಲಿರುವುದು ಸಿದ್ದರಾಜ್.
ಹಳ್ಳಿಯದೆಂದು ನಾಚಿ, ಕಾಲೇಜು ಸೇರುವಾಗ
ನಾನೇ ಕತ್ತರಿಸಿ ಎಸೆದ ಉಕಾರ ಅದು.
ಅತ್ತೆ ಸೋದರಮಾವ ಎಲ್ಲರ ಬಾಯಲ್ಲೂ ಸವೆದದ್ದು.
ತಪ್ಪಲ್ಲ ಅಪ್ಪ, ಎಂದಳು ಇಬ್ಬನಿ ಈಗ ಹತ್ತಿರ ಬಂದು,
ಕರೆಯುವಾಗ ಹಾಗೇ ಆಗುತ್ತೆ.
ಸಂಬೋಧನೆ. ಏಳನೆಯದು.
ಸಹಿ ಹಾಕುವ ಕೈ ಯಾಕೋ ಒಂದು ಕ್ಷಣ ನಿಂತಿತು.

ಟ್ರಾಮಿನಲ್ಲಿ ಅವಳು ರಬ್ಬರನ್ನು ಕಿರೀಟದಂತೆ ತೊಟ್ಟು ಕೂತಳು.
ಹೊಸ ಕೀಲಿ ಮೊದಲ ಸಲಕ್ಕೇ ತಿರುಗಿತು.
ವಾರಿಜ ಬೇಳೆ ತೊಳೆಯುತ್ತಿದ್ದಳು, ಉಗುರ ಸಂದಿಯಲ್ಲಿ ನೀಲಿ.
ಒಂದನೆಯ ಸೀಟಿಗೆ ಮೂವರೂ ಚಪ್ಪಾಳೆ ತಟ್ಟಿದೆವು.
ಎರಡನೆಯದಕ್ಕೆ ಅವಳು ಚೀಟಿ ತೆಗೆದು ಓದಿದಳು.
ಮೂರನೆಯದಕ್ಕೆ ನಾನು ಆಗಲೇ
ಮೆಟ್ಟಿಲಿಳಿಯುತ್ತಿದ್ದೆ.